‘ಸರ್ವರ್ ಇಲ್ರೀ, ನಾಳೆ ಬರ್ರಿ!’ ಎಂಬುದು ಉತ್ತರವಲ್ಲ



ರಾಯಚೂರು ಜಿಲ್ಲೆಯ ಯಾವ ಊರಿಗಾದರೂ ಹೋಗಿ. ಮಟಮಾರಿಗೆ ಹೋಗಿ, ಮಾನ್ವಿಗೆ ಹೋಗಿ, ದೇವದುರ್ಗಕ್ಕೆ ಹೋಗಿ. ರೇಷನ್ ಅಂಗಡಿಯ ಮುಂದೆ ಬೆರಳೊತ್ತಲು ನಿಂತ ಅಜ್ಜಿಗೆ ಹೇಳುವ ಮಾತು ಒಂದೇ: ‘ಸರ್ವರ್ ಇಲ್ರೀ, ನಾಳೆ ಬರ್ರಿ.’ ಪಹಣಿ ತೆಗೆಸಲು ಬಂದ ರೈತನಿಗೂ ಅದೇ ಮಾತು. ಕೆಲಸಕ್ಕೆ ಅರ್ಜಿ ಹಾಕಲು ಕಡೆಯ ದಿನ ಓಡೋಡಿ ಬಂದ ಹುಡುಗನಿಗೂ ಅದೇ ಮಾತು.

ಯಾವ ಸರ್ವರ್? ಎಲ್ಲಿದೆ? ಯಾಕೆ ಇಲ್ಲ? ಯಾರು ಸರಿ ಮಾಡಬೇಕು? ಎಷ್ಟು ಹೊತ್ತಿಗೆ? ಕೇಳುವವರಿಲ್ಲ, ಹೇಳುವವರೂ ಇಲ್ಲ. ಹಿಂದೆ ‘ಸಾಹೇಬ್ರು ಇಲ್ಲ, ನಾಳೆ ಬಾ’ ಅನ್ನುತ್ತಿದ್ದರು. ಈಗ ಸಾಹೇಬರ ಕುರ್ಚಿಯಲ್ಲಿ ಸರ್ವರ್ ಬಂದು ಕೂತಿದೆ. ‘ನಾಳೆ’ ಮಾತ್ರ ಬದಲಾಗಿಲ್ಲ!

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಈ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಅದು ದೊಡ್ಡ ಊರಿನ, ಇಂಗ್ಲಿಷ್ ಬಲ್ಲ ಕೆಲವರ ಆಟಿಕೆ. ಅವತ್ತು ಲಾಗಿನ್ ಆಗದಿದ್ದರೆ ಒಂದು ಇ-ಮೇಲ್ ಹೋಗುತ್ತಿರಲಿಲ್ಲ, ಅಷ್ಟೆ. ಇವತ್ತು ಲಾಗಿನ್ ಆಗದಿದ್ದರೆ ಅಕ್ಕಿ ಬರುವುದಿಲ್ಲ. ಸೀಟಿಗೆ ಆಪ್ಷನ್ ಎಂಟ್ರಿ ಆಗುವುದಿಲ್ಲ. ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು ಈ ಭಾಗಕ್ಕೆ ಕೊಟ್ಟ 371(ಜೆ) ಮೀಸಲಾತಿಯ ಕೆಲಸವೂ ಕಡೆಯ ರಾತ್ರಿ ತಿರುಗುವ ಒಂದು ಚಕ್ರದ ಗುರುತಿನ ಮುಂದೆ ಕೈತಪ್ಪಿ ಹೋಗುತ್ತದೆ. ಹಕ್ಕು ಕಾಗದದಲ್ಲಿ ಬಂತು, ಬಾಗಿಲು ಮಾತ್ರ ಪಾಸ್‌ವರ್ಡ್ ಕೇಳುತ್ತಿದೆ!

ಎಳೆ ಇದೆ, ಹಣ ಇದೆ, ಮಾತು ಇಲ್ಲ

ಮಟಮಾರಿ ಮೂಲೆಯ ಊರಲ್ಲ. ಮುಂಬೈ–ಚೆನ್ನೈ ರೈಲು ದಾರಿಯಲ್ಲಿ ರಾಯಚೂರು ಮತ್ತು ಮಂತ್ರಾಲಯ ರೋಡ್ ನಡುವಿನ ನಿಲ್ದಾಣ ಅದು. ಮುಂಬೈ ಕಡೆಯಿಂದ ಬಂದ ಹಳಿ, ಮದರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ. ಇವತ್ತು ಆ ಹಳಿಯ ಮಗ್ಗುಲಲ್ಲಿ ರೈಲ್‌ಟೆಲ್ ಕಂಪನಿಯ ಗಾಜಿನ ಎಳೆಯೂ ಓಡುತ್ತದೆ. ಅದರೊಳಗೆ ದೇಶದ ಮಾತು, ಚಿತ್ರ, ಹಣದ ಲೆಕ್ಕ ಬೆಳಕಾಗಿ ಹರಿಯುತ್ತದೆ.

ಹಣವೂ ಕಡಿಮೆಯಿಲ್ಲ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಈ ಎಳೆ ಮುಟ್ಟಿಸುತ್ತೇವೆ ಎಂದು ಕೇಂದ್ರ ಸರ್ಕಾರ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ ಅದನ್ನು ತಿದ್ದಿ ಮುಂದುವರಿಸಲು ಮಂಜೂರಾದ ಮೊತ್ತ 1,39,579 ಕೋಟಿ ರೂಪಾಯಿ!

ಹಾಗಾದರೆ ಇಲ್ಲದಿರುವುದು ಏನು? ಕೆಟ್ಟಾಗ ಏನು ಕೆಟ್ಟಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮನುಷ್ಯ ಇಲ್ಲ. ಪೆಟ್ಟಿಗೆಯ ಮೇಲಿನ ಅಕ್ಷರ ಇಂಗ್ಲಿಷ್. ಪರದೆಯ ಮೇಲೆ ಬರುವ ತಪ್ಪಿನ ಸೂಚನೆ ಇಂಗ್ಲಿಷ್. ಫೋನಿನಲ್ಲಿ ಸಿಗುವ ದನಿಗೆ ಕನ್ನಡ ಬಂದರೆ ನಮ್ಮ ಪುಣ್ಯ. ಹೀಗಾಗಿ ಹತ್ತು ಬಗೆಯ ರೋಗಕ್ಕೂ ಒಂದೇ ಹೆಸರು: ಸರ್ವರ್ ಇಲ್ಲ! ಹೆಸರಿಲ್ಲದ ರೋಗಕ್ಕೆ ಮದ್ದು ಎಲ್ಲಿಂದ ಬರಬೇಕು?

ನಿಜವಾಗಿ ಸರ್ವರ್ ಕೈಕೊಟ್ಟ ದಿನಗಳೂ ಇವೆ. 2023ರ ಜೂನ್‌ನಲ್ಲಿ ಗೃಹಜ್ಯೋತಿಗೆ, ಜುಲೈನಲ್ಲಿ ಗೃಹಲಕ್ಷ್ಮಿಗೆ ನೋಂದಣಿ ಶುರುವಾದಾಗ ಸೇವಾಸಿಂಧು ತೆರೆಯದೆ ರಾಜ್ಯದ ಉದ್ದಗಲಕ್ಕೂ ಜನ ಸಾಲಿನಲ್ಲಿ ಕಾದರು. ಅದು ಸರ್ಕಾರದ ಗಣಕಕೇಂದ್ರದ ತಪ್ಪು. ಆದರೆ ಓಣಿಯಲ್ಲಿ ಜೆಸಿಬಿ ತಂತಿ ಹರಿದರೂ ಸರ್ವರ್, ಬಿಲ್ಲು ಕಟ್ಟದೆ ಲೈನ್ ನಿಂತರೂ ಸರ್ವರ್, ಕರೆಂಟು ಹೋದರೂ ಸರ್ವರ್ ಎಂದರೆ ಅದನ್ನು ಒಪ್ಪಬೇಕೇ?

ನಾಲ್ಕು ಕೊಂಡಿ, ನಾಲ್ವರು ಯಜಮಾನರು

ಗೆಳೆಯರೇ, ಇದು ಎಂಜಿನಿಯರುಗಳ ಮಂತ್ರವಿದ್ಯೆಯಲ್ಲ. ನಿಮ್ಮ ಮನೆಯ ಪೆಟ್ಟಿಗೆಯಿಂದ ಆಚೆಯ ಲೋಕದವರೆಗೆ ನಾಲ್ಕು ಕೊಂಡಿಗಳಿವೆ. ಕರೆಂಟು, ಎಳೆ, ಲಾಗಿನ್, ಆಚೆಯ ಸರ್ವರ್. ನಾಲ್ಕಕ್ಕೂ ಯಜಮಾನರು ಬೇರೆ ಬೇರೆ. ಕರೆಂಟು ಜೆಸ್ಕಾಂನದು. ಊರೊಳಗಿನ ಎಳೆ ಬಹುಪಾಲು ಸ್ಥಳೀಯ ಕೇಬಲ್‌ನವನದು ಅಥವಾ ಗುತ್ತಿಗೆದಾರನದು. ಲಾಗಿನ್ ಇಂಟರ್ನೆಟ್ ಕಂಪನಿಯದು. ಆಚೆಯ ಸರ್ವರ್ ನೀವು ಅರ್ಜಿ ಹಾಕಹೊರಟ ಇಲಾಖೆಯದು.

ನಮ್ಮ ಜನ ಸೋಲುವುದು ಇಲ್ಲೇ. ಕೇಬಲ್‌ನವನನ್ನು ಕೇಳಿದರೆ ‘ಕಂಪನಿದ್ರೀ’ ಅನ್ನುತ್ತಾನೆ. ಕಂಪನಿಗೆ ಫೋನು ಮಾಡಿದರೆ ‘ನಿಮ್ಮ ಲೋಕಲ್ ಆಪರೇಟರನ್ನು ಕೇಳಿ’ ಅನ್ನುತ್ತಾರೆ. ಇಬ್ಬರ ನಡುವೆ ಚೆಂಡಿನಂತೆ ಉರುಳುವವನು ಮಟಮಾರಿಯ ಹುಡುಗ. ಯಾವ ಕೊಂಡಿ ಹರಿದಿದೆ ಎಂದು ಮೊದಲೇ ತಿಳಿದಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದೂ ತಿಳಿಯುತ್ತದೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಕರೆಂಟು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಆದರೂ ರಾಯಚೂರಿನ ಹಳ್ಳಿಗಳಿಗೆ ದೀಪದ ಕೆಳಗಿನ ಕತ್ತಲೆ ಹೊಸತಲ್ಲ. ಪೆಟ್ಟಿಗೆಯ ಮೇಲೆ ಒಂದೂ ದೀಪವಿಲ್ಲವೇ? ಬೇರೆ ಪ್ಲಗ್ಗಿಗೆ ಹಾಕಿ ನೋಡಿ. ಅಡಾಪ್ಟರ್ ಸುಟ್ಟಿದ್ದರೆ ಕಂಪನಿಗೆ ಫೋನು ಮಾಡಿ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದು ಪೆಟ್ಟಿಗೆ ಉರಿಯುತ್ತಿದ್ದರೂ ನೆಟ್ ಹೋಯಿತು ಎಂದರೆ, ಆ ತುದಿಯಲ್ಲಿ ಕೇಬಲ್‌ನವನ ಕೋಣೆಯ ಬ್ಯಾಟರಿ ಸತ್ತಿರಬಹುದು. ಊರಿಗೆಲ್ಲ ಬೆಳಕು ಕಳಿಸುವ ಯಂತ್ರ ಅಲ್ಲಿದೆ. ಅದಕ್ಕೆ ಬ್ಯಾಟರಿ ಇಡುವುದು ಅವನ ಧರ್ಮ, ನಿಮ್ಮ ಹಣೆಬರಹವಲ್ಲ.

ಎರಡನೆಯದು ಎಳೆ. ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂಬ ಮೂರಕ್ಷರದ ಪಕ್ಕ ಕೆಂಪು ದೀಪ ಮಿನುಗುತ್ತಿದೆಯೇ? ಬೆಳಕು ಬರುತ್ತಿಲ್ಲ ಎಂದು ಅರ್ಥ. ಎಳೆ ಎಲ್ಲೋ ತುಂಡಾಗಿದೆ ಅಥವಾ ಬಗ್ಗಿದೆ. ಇದು ಗಾಜು. ತಾಮ್ರದ ತಂತಿಯಂತೆ ಮಡಚಿ ಮೊಳೆಗೆ ಸುತ್ತಿದರೆ ಬೆಳಕು ಸೋರಿಹೋಗುತ್ತದೆ. ಅಲ್ಮೆರಾ ಹಿಂದೆ ಒತ್ತಿಕೊಂಡಿದ್ದರೆ ಸಡಿಲ ಮಾಡಿ. ಆದರೆ ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸಬಲ್ಲದು. ಮನೆಯೊಳಗೆ ಸರಿಯಿದ್ದರೆ ತಪ್ಪು ಹೊರಗಿದೆ. ರಸ್ತೆ ಅಗೆದವರೋ, ಹುಲ್ಲಿನ ಟ್ರ್ಯಾಕ್ಟರೋ ಎಳೆದಿರಬೇಕು. ಕೇಬಲ್‌ನವನು ಪವರ್ ಮೀಟರ್ ಹಿಡಿದು ಬಂದಾಗ ನೀವೂ ಅದನ್ನು ನೋಡಿ. ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗೆ ತೋರಿಸಿದರೆ ಬೆಳಕು ಸಾಲದು. ‘ಎಲ್ಲಾ ಸರಿ ಅದರೀ’ ಎಂದು ಅವನು ಹೊರಡುವಂತಿಲ್ಲ.

‘691’ ಎಂದರೆ ಏನು?

ಮೂರನೆಯದು ಲಾಗಿನ್. ಹೆಚ್ಚು ಗೊಂದಲ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಓದಿ. ‘ಪಾನ್’ ಎಂಬ ಹಸಿರು ದೀಪ ಅಲುಗದೆ ಉರಿಯುತ್ತಿದೆ, ಕೆಂಪು ದೀಪ ಇಲ್ಲ, ಆದರೂ ‘ಇಂಟರ್ನೆಟ್’ ದೀಪ ಹತ್ತುತ್ತಿಲ್ಲ. ಎಂದರೆ ಎಳೆ ಸರಿಯಿದೆ. ಬಾಗಿಲ ತನಕ ಹೋಗಿದ್ದೀರಿ, ಒಳಗೆ ಬಿಡುತ್ತಿಲ್ಲ!

ಅಲ್ಲಿ ಆಗುವುದಿಷ್ಟು. ನಿಮ್ಮ ಪೆಟ್ಟಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕಳಿಸುತ್ತದೆ. ಕಂಪನಿಯ ಗಣಕ ತನ್ನ ಖಾತೆ ಪುಸ್ತಕ ತೆಗೆದು ನೋಡುತ್ತದೆ. ಈ ಹೆಸರು ಇದೆಯೇ? ಪಾಸ್‌ವರ್ಡ್ ಹೊಂದುತ್ತದೆಯೇ? ಬಿಲ್ಲು ಕಟ್ಟಿದ್ದಾರೆಯೇ? ಇದೇ ಹೆಸರಿನಲ್ಲಿ ಆಗಲೇ ಯಾರಾದರೂ ಒಳಗಿದ್ದಾರೆಯೇ? ಎಲ್ಲ ಸರಿಯಿದ್ದರೆ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಇಲ್ಲ.

ಕಂಪ್ಯೂಟರಿನಿಂದಲೇ ನೇರ ಲಾಗಿನ್ ಮಾಡುವವರಿಗೆ ವಿಂಡೋಸ್ ಒಂದು ಸಂಖ್ಯೆ ತೋರಿಸುತ್ತದೆ. ಅದು ಬೈಗುಳವಲ್ಲ, ಸುಳಿವು. 691 ಬಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. 678 ಅಥವಾ 651 ಬಂದರೆ ನಿಮ್ಮ ಕೂಗು ಆ ತುದಿಗೆ ಮುಟ್ಟಿಯೇ ಇಲ್ಲ. ಈ ವ್ಯತ್ಯಾಸ ದೊಡ್ಡದು. 691 ಬಂದಾಗ ಕೇಬಲ್‌ನವನನ್ನು ಬೈಯಬೇಡಿ, ಅವನ ಎಳೆ ಕೆಲಸ ಮಾಡುತ್ತಿರುವುದಕ್ಕೇ ಆ ಉತ್ತರ ಬಂದಿದೆ. 678 ಬಂದಾಗ ಪಾಸ್‌ವರ್ಡ್ ಬದಲಿಸುತ್ತ ಕೂರಬೇಡಿ, ಅದನ್ನು ನೋಡುವವರಿಗೆ ಅದು ತಲುಪಿಯೇ ಇಲ್ಲ. ರೂಟರೇ ಲಾಗಿನ್ ಮಾಡುವ ಮನೆಗಳಲ್ಲಿ ಇದೇ ವಿಷಯ ರೂಟರಿನ ಒಳಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ಪಾಸ್‌ವರ್ಡ್ ತಪ್ಪುವುದು ಯಾಕೆ? ಇಲ್ಲಿ ಒಂದು ನುಡಿಯ ಮಾತಿದೆ. ಕನ್ನಡದಲ್ಲಿ ‘ಕ’ ಎಂದರೆ ಕ. ದೊಡ್ಡ ಕ, ಚಿಕ್ಕ ಕ ಎಂಬ ಭೇದ ನಮ್ಮ ಲಿಪಿಗಿಲ್ಲ. ಇಂಗ್ಲಿಷಿಗೆ ಉಂಟು. ಹಿರಿಯ ಅಕ್ಷರ, ಕಿರಿಯ ಅಕ್ಷರ ಎರಡೂ ಓದುವ ಬಾಯಿಗೆ ಒಂದೇ, ಗಣಕಕ್ಕೆ ಮಾತ್ರ ಬೇರೆ ಬೇರೆ. ಫೋನಿನಲ್ಲಿ ಪಾಸ್‌ವರ್ಡ್ ಹೇಳುವವನು ‘ಎ’ ಅನ್ನುತ್ತಾನೆ. ದೊಡ್ಡ ಎ-ಯೋ ಚಿಕ್ಕದೋ ಹೇಳುವುದಿಲ್ಲ. ಬರೆದುಕೊಟ್ಟ ಚೀಟಿಯಲ್ಲಿ ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಎಲ್’ ಅಕ್ಷರವೋ ತಿಳಿಯುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಮೂರು ಸಲ ಸೋತು, ತನಗೇ ಬುದ್ಧಿಯಿಲ್ಲ ಎಂದು ಎದ್ದು ಹೋಗುತ್ತಾಳೆ. ತಪ್ಪು ಅವಳದಲ್ಲ, ವಿವರಿಸದವರದು! ‘ಇದು ದೊಡ್ಡಕ್ಷರ, ಇದು ಸೊನ್ನೆ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲು ಕಂಪನಿಗಳಿಗೆ ಎಷ್ಟು ಕೋಟಿ ಬೇಕು?

ಇನ್ನೊಂದು ಕಾರಣ ಕರೆಂಟಿನದು. ಕರೆಂಟು ತಟ್ಟನೆ ಹೋದಾಗ ಪೆಟ್ಟಿಗೆ ‘ನಾನು ಹೊರಟೆ’ ಎಂದು ಹೇಳದೆ ಸತ್ತುಹೋಗುತ್ತದೆ. ಕಂಪನಿಯ ಪುಸ್ತಕದಲ್ಲಿ ನೀವು ಇನ್ನೂ ಒಳಗೇ ಇದ್ದೀರಿ! ಕರೆಂಟು ಬಂದು ಮತ್ತೆ ಬಾಗಿಲು ಬಡಿದರೆ ‘ಈ ಹೆಸರಿನವರು ಆಗಲೇ ಒಳಗಿದ್ದಾರೆ’ ಎಂದು ತಿರಸ್ಕರಿಸುವುದುಂಟು. ಆಗ ಪೆಟ್ಟಿಗೆ ಆರಿಸಿ ಹತ್ತು ಹದಿನೈದು ನಿಮಿಷ ಕಾದು ಹಚ್ಚಿ. ಆಗಲೂ ಬಾರದಿದ್ದರೆ ಫೋನು ಮಾಡಿ, ‘ಹಳೆಯ ಸೆಷನ್ ಅಂಟಿಕೊಂಡಿದೆ, ತೆಗೆಯಿರಿ’ ಎಂದು ಹೇಳಿ. ಆ ಒಂದು ವಾಕ್ಯ ಒಂದು ದಿನ ಉಳಿಸುತ್ತದೆ. ಹೊಸ ರೂಟರ್ ತಂದಿದ್ದರೆ, ಕೆಲವು ಕಂಪನಿಗಳು ಹಳೆಯ ಪೆಟ್ಟಿಗೆಯ ಗುರುತಿಗೇ ಖಾತೆಯನ್ನು ಗಂಟು ಹಾಕಿರುತ್ತವೆ. ಅದನ್ನೂ ಬಿಚ್ಚಿಸಬೇಕು.

ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಸೂಜಿ ಚುಚ್ಚಿ ‘ರೀಸೆಟ್’ ಒತ್ತಬೇಡಿ. ಅದರೊಳಗೆ ಬರೆದಿಟ್ಟ ಹೆಸರು, ಪಾಸ್‌ವರ್ಡ್ ಅಳಿಸಿಹೋಗಬಹುದು. ಗಂಟೆಯ ತೊಂದರೆ ವಾರದ ತೊಂದರೆ ಆಗುತ್ತದೆ.

ನಾಲ್ಕನೆಯದು ಆಚೆಯ ಸರ್ವರ್. ಇದನ್ನು ಕಂಡುಹಿಡಿಯುವುದು ಎಲ್ಲಕ್ಕಿಂತ ಸುಲಭ. ಅದೇ ನೆಟ್ಟಿನಲ್ಲಿ ಬೇರೆ ಎರಡು ವೆಬ್‌ಸೈಟ್ ತೆರೆಯಿರಿ. ಅವು ಬಂದವೇ? ಈಗ ಮೊಬೈಲ್ ಡೇಟಾದಲ್ಲಿ ಇಲಾಖೆಯ ಸೈಟ್ ತೆರೆಯಿರಿ. ಅಲ್ಲೂ ಬರದಿದ್ದರೆ ಸರ್ವರ್ ನಿಜಕ್ಕೂ ಮಲಗಿದೆ. ವಾಟ್ಸಾಪ್ ಬರುತ್ತದೆ, ಯಾವ ಸೈಟೂ ತೆರೆಯುವುದಿಲ್ಲ ಎಂದರೆ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಅದು ಬಹುಪಾಲು ಕಂಪನಿಯ ಕೆಲಸ. ಹಳೆಯ ಕಂಪ್ಯೂಟರಿನಲ್ಲಿ ತಾರೀಖು ತಪ್ಪಿದ್ದರೂ ಸೈಟುಗಳು ‘ಸುರಕ್ಷಿತವಲ್ಲ’ ಎಂದು ಬಾಗಿಲು ಮುಚ್ಚುತ್ತವೆ.

ಒಟಿಪಿ ಬರುತ್ತಿಲ್ಲವೇ? ರಾಯಚೂರು ಗಡಿಯ ಜಿಲ್ಲೆ. ಕೃಷ್ಣೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ. ಗಡಿಯ ಊರುಗಳಲ್ಲಿ ಫೋನು ಆಚೆಯ ರಾಜ್ಯದ ಕುಂಟು ಸಿಗ್ನಲ್ ಹಿಡಿದು ನೇತಾಡುವುದುಂಟು. ಫೋನನ್ನು ಒಮ್ಮೆ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ. ಮಾಳಿಗೆ ಹತ್ತಿ ನೋಡಿ. ಇದರಲ್ಲಿ ತೆಲುಗಿನವರ ಮೇಲೆ ಜಗಳವೇನೂ ಇಲ್ಲ. ಅವರ ಹಳ್ಳಿಯ ರೈತನೂ ತನ್ನ ಭಾಷೆಯಲ್ಲಿ ಉತ್ತರ ಸಿಗದೆ ಇದೇ ಸಾಲಿನಲ್ಲಿ ನಿಂತಿದ್ದಾನೆ.

ಕನ್ನಡದಲ್ಲೇ ಕೇಳಿ, ನಂಬರ್ ಪಡೆಯಿರಿ

ಇಷ್ಟು ತಿಳಿದ ಮೇಲೆ ಫೋನು ಎತ್ತಿ. ಬೇಡುವ ದನಿಯಲ್ಲಿ ಅಲ್ಲ! ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಗ್ರಾಹಕರ ದೂರುಗಳಿಗಾಗಿ ನಿಯಮ ಮಾಡಿದೆ. ಕಂಪನಿಯ ಸಹಾಯವಾಣಿಯಲ್ಲಿ ಮೊದಲ ಹಂತದಲ್ಲೇ ಭಾಷೆ ಆರಿಸಿಕೊಳ್ಳುವ ಅವಕಾಶ ಇರಬೇಕು. ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್ ಕೊಡಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ, ಅದು 39 ದಿನದೊಳಗೆ ತೀರ್ಮಾನಿಸಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ ಎಂಬುದು ನೆನಪಿರಲಿ. ಆದರೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ದೂರವಾಣಿ ಕಂಪನಿಗಳ ವಿರುದ್ಧ ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ.

ವೇಗದ ವಿಷಯದಲ್ಲೂ ಮೋಸ ಹೋಗಬೇಡಿ. 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್ ವೇಗ ಇದ್ದರೆ ಮಾತ್ರ ಅದಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಹೆಸರು. ಅದಕ್ಕೆ ಮೊದಲು ಅರ್ಧ ಎಂಬಿಪಿಎಸ್ ಸಾಕಿತ್ತು.

ಸಹಾಯವಾಣಿಯಲ್ಲಿ ಕನ್ನಡದ ಗುಂಡಿ ಒತ್ತಿ. ಕನ್ನಡ ಬಾರದವರು ಸಿಕ್ಕರೆ ನಿಮಗೆ ಬರುವ ಇಂಗ್ಲಿಷನ್ನು ಆವತ್ತಿಗೆ ಜೇಬಿನಲ್ಲಿಡಿ. ‘ಕನ್ನಡದವರಿಗೆ ಕೊಡಿ, ಕಾಯುತ್ತೇನೆ’ ಎನ್ನಿ. ಬೈಯಬೇಡಿ, ಆ ತುದಿಯಲ್ಲಿರುವವನೂ ಸಂಬಳಕ್ಕೆ ದುಡಿಯುವ ಹುಡುಗನೇ. ಆದರೆ ಬಿಟ್ಟುಕೊಡಬೇಡಿ. ನಗರದ ನಾವು ಪ್ರತಿ ಸಲವೂ ಇಂಗ್ಲಿಷಿಗೋ ಹಿಂದಿಗೋ ಜಾರಿಕೊಂಡರೆ ಕಂಪನಿ ಏನು ಲೆಕ್ಕ ಹಾಕುತ್ತದೆ? ‘ಕನ್ನಡ ಕೇಳುವವರೇ ಇಲ್ಲ’ ಎಂದು. ಆ ಲೆಕ್ಕದ ಪೆಟ್ಟು ಬೀಳುವುದು ನಮಗಲ್ಲ. ಕನ್ನಡ ಬಿಟ್ಟು ಬೇರೆ ಗತಿಯಿಲ್ಲದ ಮಟಮಾರಿಯ ಚಿಕ್ಕಪ್ಪನಿಗೆ.

ನಿಮ್ಮ ಪಾಲಿನ ಕೆಲಸ

ಮಿತ್ರರೇ, ಬೆಂಗಳೂರಿನ ಕಂಪನಿಗಳಲ್ಲಿ ರಾತ್ರಿಯೆಲ್ಲ ಕೂತು ಅಮೆರಿಕದವನ ರೂಟರ್ ಸರಿಮಾಡಿಸುವವರು ಯಾರು? ನೀವೇ ಅಲ್ಲವೇ? ಅವನ ಉಚ್ಚಾರಣೆಯಲ್ಲೇ, ಅವನ ಸಿಟ್ಟು ನುಂಗಿಕೊಂಡು, ‘ಹಸಿರು ದೀಪ ನೋಡಿ, ಈಗ ಆರಿಸಿ, ಈಗ ಹಚ್ಚಿ’ ಎಂದು ಹೆಜ್ಜೆ ಹೆಜ್ಜೆಗೂ ಹೇಳಿಕೊಡುತ್ತೀರಿ. ಊರಿಂದ ಅಪ್ಪ ಫೋನು ಮಾಡಿ ‘ನೆಟ್ ಬರವಲ್ದು ನೋಡು’ ಅಂದರೆ? ‘ಅದು ನಿನಗೆ ತಿಳಿಯಲ್ಲ ಬಿಡಪ್ಪ’ ಎಂದು ಇಟ್ಟುಬಿಡುತ್ತೀರಿ! ಏಳು ಸಮುದ್ರದಾಚೆಯವನಿಗೆ ತಿಳಿಯುವಂತೆ ಹೇಳಬಲ್ಲ ನಾಲಿಗೆಗೆ ಸ್ವಂತ ಅಪ್ಪನಿಗೆ ಹೇಳುವಾಗ ಮಾತು ಸಿಗುವುದಿಲ್ಲವೇ?

‘ಕನ್ನಡದಲ್ಲಿ ಈ ತಾಂತ್ರಿಕ ಪದಗಳಿಲ್ಲ’ ಎಂಬ ನೆಪ ಬೇಡ. ಪದ ಯಾವುದಾದರೂ ಇರಲಿ, ವಾಕ್ಯ ಕನ್ನಡದ್ದಾಗಲಿ. ರೂಟರನ್ನು ರೂಟರ್ ಎಂದೇ ಕರೆಯಿರಿ, ಲಾಗಿನ್ನನ್ನು ಲಾಗಿನ್ ಎಂದೇ ಕರೆಯಿರಿ. ‘ಕೆಂಪು ದೀಪ ಮಿನುಗಿದರೆ ಎಳೆ ತುಂಡಾಗಿದೆ, ಕೇಬಲ್‌ನವನಿಗೆ ಹೇಳು’ ಎಂಬುದು ಅಪ್ಪಟ ಕನ್ನಡ. ಅಪ್ಪನಿಗೆ ತಿಳಿಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಯಾವ ಫೇಸ್ ಹೋಗಿದೆ ಎಂದು ಹೇಳುವ ರೈತನಿಗೆ ಎರಡು ದೀಪದ ಬಣ್ಣ ತಿಳಿಯುವುದಿಲ್ಲವೇ?

ಈ ವಾರ ಮೂರು ಕೆಲಸ ಮಾಡಿ. ಒಂದು: ನಾಲ್ಕು ಕೊಂಡಿಗಳ ವಿಷಯವನ್ನು ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಯಾವ ದೀಪಕ್ಕೆ ಏನರ್ಥ, ಯಾರಿಗೆ ಫೋನು ಮಾಡಬೇಕು, ಅಷ್ಟೇ. ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಶಾಲೆಯಲ್ಲಿ ಕೇಳಿ ಅಂಟಿಸಿ. ಎರಡು: ಹಾಳೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ನೆಟ್ ಹೋದ ತಾರೀಖು, ಹೊತ್ತು, ಕಾರಣ, ಡಾಕೆಟ್ ನಂಬರ್, ಸರಿಯಾದ ಹೊತ್ತು ಬರೆಯಲಿ. ಮೂರು ತಿಂಗಳ ಆ ನೋಟ್‌ಬುಕ್ ನೂರು ಭಾಷಣಕ್ಕಿಂತ ಗಟ್ಟಿ ಸಾಕ್ಷಿ. ಮೂರು: ನೀವು ಇಂಟರ್ನೆಟ್ ಕಂಪನಿಯಲ್ಲೇ ಕೆಲಸದಲ್ಲಿದ್ದರೆ, ಗ್ರಾಹಕರಿಗೆ ಹೋಗುವ ಒಂದು ಸೂಚನೆಯನ್ನಾದರೂ ಕನ್ನಡಕ್ಕೆ ತರಿಸಿ. ಮೇಲಿನವರಿಗೆ ಒಂದು ಸಾಲಿನ ಮನವಿ ಬರೆಯಿರಿ. ಕೆಲಸ ಹೋಗುವುದಿಲ್ಲ!

ಕನ್ನಡದ ಹೋರಾಟ ಎಂದರೆ ಬೋರ್ಡಿನ ಮೇಲಿನ ಅಕ್ಷರ ಮಾತ್ರವಲ್ಲ. ಕೆಟ್ಟದ್ದನ್ನು ಕನ್ನಡದಲ್ಲಿ ಹೆಸರಿಸಿ, ಕನ್ನಡದಲ್ಲಿ ಜಗಳವಾಡಿ, ಕನ್ನಡದಲ್ಲೇ ಸರಿಮಾಡಿಸಿಕೊಳ್ಳುವ ತಾಕತ್ತೂ ಅದೇ ಹೋರಾಟ. ಮುಂದಿನ ಸಲ ಯಾರಾದರೂ ‘ಸರ್ವರ್ ಇಲ್ರೀ’ ಅಂದರೆ ತಲೆ ತಗ್ಗಿಸಿ ತಿರುಗಬೇಡಿ. ನಗುತ್ತಲೇ, ಆದರೆ ನಿಂತ ಜಾಗದಿಂದ ಕದಲದೆ ಕೇಳಿ: ‘ಯಾವ ಸರ್ವರ್ರೀ? ದೀಪ ಯಾವ ಬಣ್ಣ ಐತಿ, ತೋರಿಸ್ರಿ!’